ಸೀಟಿಗೆ ಮುಂಚಿನ ಅರೆಕ್ಷಣ

ಗುರುವಾರ ಬೆಳಿಗ್ಗೆ ಫೋನ್ ಬಂದಾಗ ಲುಬೋರ್ ವೋಂಡ್ರಾಕ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಸ್ಕೇಟಿನ ಲಾಡಿ ಬದಲಿಸುತ್ತಿದ್ದ. ಫೋನ್ ಮಾಡಿದವನು ಐಸ್ ಹಾಕಿ ರೆಫರಿಗಳ ಸಂಘದಲ್ಲಿ ಯಾರಿಗೆ ಯಾವ ಪಂದ್ಯ ಎಂದು ಹಂಚಿಕೊಡುವ ಮನುಷ್ಯ.

"ಭಾನುವಾರದ ಏಳನೇ ಮ್ಯಾಚಿಗೆ ಹಾಕಿದ್ದವನು ಕಾಲು ಮುರ್ಕೊಂಡಿದ್ದಾನಪ್ಪ. ಇಪ್ಪತ್ತು ವರ್ಷ ಐಸಿನ ಮೇಲೆ ಬೀಳದವನು ಮನೆ ಮೆಟ್ಟಿಲ ಮೇಲೆ ಬಿದ್ದಿದ್ದಾನೆ. ಬೇರೆ ಯಾರೂ ಸಿಕ್ತಿಲ್ಲ. ನೀನು ಹೋಗ್ತೀಯಾ?"

"ಎಲ್ಲಿಗೆ?"

"ಜೆಲೆಜೋವಿಗೆ."

ಲುಬೋರ್ ಕೈಯಲ್ಲಿದ್ದ ಲಾಡಿಯನ್ನು ಕೆಳಗಿಟ್ಟ. "ಅವರು ನನ್ನ ಒಪ್ತಾರಾ?"

"ನನಗೂ ಅದೇ ಆಶ್ಚರ್ಯ. ಆಕ್ಷೇಪಣೆ ಇದ್ರೆ ಹೇಳಿ ಅಂತ ಕ್ಲಬ್ಬಿಗೆ ಬರೆದಿದ್ದೆ. ಏನೂ ಇಲ್ಲ, ಬರಲಿ ಅಂತ ಉತ್ತರ ಬಂತು. ಸಿಟ್ಟು ಇಳಿದಿರಬೇಕು ಬಿಡು."

"ಹೋಗ್ತೀನಿ," ಎಂದ ಲುಬೋರ್.

ಒಲೆಯ ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಹೆಂಡತಿ ದ್ರಾಹುಶೆ ತಿರುಗಿ ನೋಡಲಿಲ್ಲ. ಆದರೆ ಅವಳ ಕೈಯ ಚಾಕು ನಿಂತಿತು. ಜೆಲೆಜೋವ್ ಎಂಬ ಹೆಸರು ಆ ಮನೆಯಲ್ಲಿ ಹೋದ ಬೇಸಿಗೆಯಿಂದೀಚೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ.

ಕಾರಣ ಹೇಳಲು ಒಂದು ವರ್ಷ ಹಿಂದೆ ಹೋಗಬೇಕು. ನಮ್ಮಲ್ಲಿ ಪ್ರತಿ ವಸಂತದಲ್ಲೂ ಮೇಲಿನ ಲೀಗಿನ ಕಟ್ಟಕಡೆಯ ತಂಡಕ್ಕೂ ಕೆಳಗಿನ ಲೀಗಿನ ಮೊದಲ ತಂಡಕ್ಕೂ ಏಳು ಪಂದ್ಯಗಳ ಸರಣಿ ನಡೆಯುತ್ತದೆ. ನಾಲ್ಕು ಗೆದ್ದವರು ಮೇಲೆ, ಸೋತವರು ಕೆಳಗೆ. ಕಪ್ಪಿಗಾಗಿ ಆಡುವವರು ನಗುನಗುತ್ತಾ ಆಡುವುದನ್ನು ನೋಡಿದ್ದೇನೆ. ಈ ಸರಣಿಯಲ್ಲಿ ನಕ್ಕವನನ್ನು ನಾನಂತೂ ನೋಡಿಲ್ಲ. ಹೋದ ವರ್ಷ ಜೆಲೆಜೋವ್ ತಂಡ ಮೇಲಿತ್ತು, ಉಳಿದುಕೊಳ್ಳಲು ಹೋರಾಡುತ್ತಿತ್ತು. ಏಳನೇ ಪಂದ್ಯ, ಅವರದೇ ಅಂಕಣ, ಆಟ ಮುಗಿಯಲು ಎರಡು ನಿಮಿಷ, ಒಂದು ಗೋಲಿನ ಹಿನ್ನಡೆ. ನಾಯಕ ವಿಲೇಮ್ ಬಾರ್ಟೋನ್ ಗೋಲ್‌ಕೀಪರನ ಕಾಲಡಿಯ ಗುಂಪಿಗೆ ನುಗ್ಗಿ, ಕರಿ ರಬ್ಬರ್ ಬಿಲ್ಲೆಯನ್ನು ಒಳಗೆ ತಳ್ಳಿದ. ಆ ಹೊತ್ತಿನಲ್ಲಿ ಲುಬೋರ್ ನಿಲ್ಲಬಾರದ ಜಾಗದಲ್ಲಿ ನಿಂತಿದ್ದ. ಯಾರದೋ ಅಗಲ ಬೆನ್ನು ಅಡ್ಡ ಬಂದು ಅವನಿಗೆ ಏನೂ ಕಾಣಲಿಲ್ಲ. ಗೋಲಾಯಿತೆಂದು ಕೆಂಪು ದೀಪ ಹತ್ತಿದ ಮೇಲೆ ಗಾಬರಿಬಿದ್ದು ಸೀಟಿ ಊದಿದ, ಗೋಲಿಲ್ಲ ಎಂದು ಎರಡೂ ಕೈ ಅಗಲಿಸಿದ.

ವಿಡಿಯೋ ನೋಡಿದರು. ಬಿಲ್ಲೆ ಗೆರೆ ದಾಟಿದ್ದು ಮೊದಲು, ಸೀಟಿ ಆಮೇಲೆ. ಕುರುಡನಿಗೂ ಕಾಣುವಷ್ಟು ಸ್ಪಷ್ಟ. ಹೆಡ್‌ಫೋನಿನಲ್ಲಿ ವಿಡಿಯೋ ಕೋಣೆಯವನು ಕೇಳಿದ: "ಲುಬೋರ್, ನೀನು ಆಗಲೇ ನಿಲ್ಲಿಸಿದ್ಯಾ, ಇಲ್ವಾ?"

ಆ ಪ್ರಶ್ನೆಯಲ್ಲೇ ಎಲ್ಲ ಇತ್ತು. ಗೋಲ್‌ಕೀಪರ್ ಬಿಲ್ಲೆಯನ್ನು ಮುಚ್ಚಿ ಅದು ಕಣ್ಣಿಗೆ ಕಾಣದಾದರೆ ರೆಫರಿ ಆಟ ನಿಲ್ಲಿಸಬೇಕು. ಅದರ ಜೊತೆಗೆ ಹಾಕಿಯ ನಿಯಮದ ಪುಸ್ತಕದಲ್ಲಿ ಒಂದು ವಿಚಿತ್ರವಾದ ಮಾತಿದೆ: ಆಟ ನಿಲ್ಲುವುದು ಸೀಟಿ ಕೇಳಿಸಿದಾಗಲ್ಲ, ನಿಲ್ಲಿಸಬೇಕೆಂದು ರೆಫರಿ ಮನಸ್ಸಿನಲ್ಲಿ ತೀರ್ಮಾನಿಸಿದ ಕ್ಷಣದಲ್ಲಿ. ಸೀಟಿ ಬೆರಳಿನಲ್ಲಿರುತ್ತದೆ; ಕೈ ಬಾಯಿಗೆ ಬರಬೇಕು, ಉಸಿರು ಹೋಗಬೇಕು, ಅಷ್ಟರಲ್ಲಿ ಅರೆಕ್ಷಣ ಕಳೆದಿರುತ್ತದೆ. ಆ ಅರೆಕ್ಷಣ ರೆಫರಿಯದು. ಎಂಟು ಮೂಲೆಗೆ ಎಂಟು ಕ್ಯಾಮೆರಾ ಇಟ್ಟಿದ್ದಾರೆ, ಬಲೆಯ ಮೇಲೊಂದು, ಕಂಬದ ಒಳಗೊಂದು. ರೆಫರಿಯ ತಲೆಯೊಳಗೆ ಮಾತ್ರ ಇಡಲು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ.

"ನಿಲ್ಲಿಸಿದ್ದೆ," ಎಂದ ಲುಬೋರ್. ಆಮೇಲೆ ಮೈಕಿನಲ್ಲಿ ಇಡೀ ಊರಿಗೆ ಹೇಳಿದ: "ಗೋಲಿಲ್ಲ. ಬಿಲ್ಲೆ ಗೆರೆ ದಾಟುವ ಮುಂಚೆ ಆಟ ನಿಂತಿತ್ತು."

ಹಸಿ ಸುಳ್ಳು. ಅವನು ಏನನ್ನೂ ತೀರ್ಮಾನಿಸಿರಲಿಲ್ಲ. ಜೆಲೆಜೋವ್ ಸೋತಿತು, ಕೆಳಗಿನ ಲೀಗಿಗೆ ಬಿತ್ತು. ಅರ್ಧ ತಂಡ ಬೇರೆ ಊರುಗಳಿಗೆ ಚದುರಿತು. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಆ ಊರಿಗೆ ಇದ್ದದ್ದು ಅದೊಂದೇ ಹೆಮ್ಮೆ.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಸಂಘದವರು ಆ ತುಣುಕನ್ನು ಬೇಸಿಗೆಯ ಶಿಬಿರದಲ್ಲಿ ಹೊಸ ರೆಫರಿಗಳಿಗೆ ತೋರಿಸಿದರು. ಒತ್ತಡದಲ್ಲೂ ನಿಯಮವನ್ನು ಸರಿಯಾಗಿ ಹಿಡಿದುಕೊಂಡ ಅನುಭವಿ ರೆಫರಿ ಹೀಗಿರಬೇಕು ಎಂದರು. ನಲವತ್ತು ಹುಡುಗರು ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಕೂತಿದ್ದ ಲುಬೋರ್‌ಗೆ ಅವತ್ತು ಊಟ ಸೇರಲಿಲ್ಲ. ಮನೆಗೆ ಬಂದು ದ್ರಾಹುಶೆಗೆ ಎಲ್ಲ ಹೇಳಿದ. ಅವಳೊಬ್ಬಳಿಗೇ ಹೇಳಿದ.

ಈಗ ಅವಳು ಚಾಕು ಕೆಳಗಿಟ್ಟು ಕೇಳಿದಳು: "ಏನು ಮಾಡ್ಬೇಕು ಅಂತಿದ್ದೀಯ?"

"ಅದೇ ಐಸಿನ ಮೇಲೆ ಒಂದು ಮ್ಯಾಚು ನೆಟ್ಟಗೆ ಆಡಿಸ್ತೀನಿ. ಕಂಡದ್ದು ಕಂಡ ಹಾಗೆ. ಆಮೇಲೆ ಹೋದ ವರ್ಷದ್ದು ಬರೆದುಕೊಟ್ಟು, ಸೀಟಿ ಬಿಚ್ಚಿಟ್ಟು ಬರ್ತೀನಿ."

"ಮೊದಲು ಹೇಳು, ಆಮೇಲೆ ಆಡಿಸು."

"ಮೊದಲು ಹೇಳಿದ್ರೆ ಆಡಿಸೋಕೇ ಬಿಡಲ್ಲ ಕಣೇ."

"ಬಿಡದಿದ್ರೆ ಏನಾಯ್ತು? ಬೇರೆ ಯಾರೋ ಆಡಿಸ್ತಾರೆ. ನೀನಿಲ್ಲದೆ ಹಾಕಿ ನಿಂತು ಹೋಗುತ್ತಾ?"

ಲುಬೋರ್ ಮತ್ತೆ ಲಾಡಿ ಪೋಣಿಸತೊಡಗಿದ. ತಪ್ಪು ಮಾಡಿದವರಿಗೆ ಹೀಗೊಂದು ಚಟವಿರುತ್ತದೆ: ಪ್ರಾಯಶ್ಚಿತ್ತ ಹೇಗಿರಬೇಕು, ಎಷ್ಟು ಚೆಂದವಾಗಿರಬೇಕು ಎನ್ನುವುದನ್ನೂ ತಾವೇ ಗೊತ್ತುಮಾಡಿಕೊಳ್ಳುತ್ತಾರೆ. ಅವನಿಗೆ ತಲೆ ಎತ್ತಿಕೊಂಡು ಹೊರಗೆ ಹೋಗಬೇಕಾಗಿತ್ತು. ಒಂದು ಒಳ್ಳೆಯ ಪಂದ್ಯ ಕೊನೆಗೆ ಬೇಕಾಗಿತ್ತು. ದ್ರಾಹುಶೆ ಅದನ್ನು ಅರ್ಥ ಮಾಡಿಕೊಂಡಳು, ಒಪ್ಪಲಿಲ್ಲ. ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು.

ಭಾನುವಾರ ಮಧ್ಯಾಹ್ನ ಒಂದೂವರೆಗೆ ಲುಬೋರ್ ಜೆಲೆಜೋವ್ ಕ್ರೀಡಾಂಗಣದ ಹಿಂಬಾಗಿಲಿಗೆ ಬಂದಿಳಿದ. ಜೊತೆಗೆ ಎರಡನೇ ರೆಫರಿ ರಾದಿಮ್ ಶುಲ್ಟ್ಸ್ ಇದ್ದ. ಇಪ್ಪತ್ತೊಂಬತ್ತು ವರ್ಷ, ಚುರುಕು ಕಾಲು, ಚುರುಕು ಬಾಯಿ. ಹೋದ ಬೇಸಿಗೆಯ ಶಿಬಿರದಲ್ಲಿ ಬರೆದುಕೊಂಡ ನಲವತ್ತು ಜನರಲ್ಲಿ ಅವನೂ ಒಬ್ಬ.

ರೆಫರಿಗಳ ಕೋಣೆಯಲ್ಲಿ ಮೇಜಿನ ಮೇಲೆ ತಟ್ಟೆ ಇಟ್ಟಿತ್ತು. ಅದು ಆ ಕ್ರೀಡಾಂಗಣದ ಹಳೆಯ ಪದ್ಧತಿ. ಹೊರಗೆ ಸಾಸೇಜು, ಚಹಾ ಮಾರುವ ಅಂಗಡಿಯ ಬ್ಲಾಜೆನಾ ಅಜ್ಜಿ ನಲವತ್ತು ವರ್ಷದಿಂದ ರೆಫರಿಗಳಿಗೆ ಪಂದ್ಯಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ತಿನ್ನಲು ತಂದಿಡುತ್ತಾಳೆ. ಹಂದಿಕೊಬ್ಬು ಸವರಿದ ರೊಟ್ಟಿ, ಮೇಲೆ ಹಸಿ ಈರುಳ್ಳಿ, ಪಕ್ಕದಲ್ಲಿ ಬಿಸಿ ಚಹಾ. ಈ ಸಲ ತಟ್ಟೆಯ ತುಂಬ ಬರೀ ಕ್ಯಾರೆಟ್ ಇದ್ದವು. ತೊಳೆದು, ಸಿಪ್ಪೆ ತೆಗೆದು, ಸಾಲಾಗಿ ಜೋಡಿಸಿದ್ದಳು.

"ಕಣ್ಣಿಗೆ ಒಳ್ಳೇದು, ರೆಫರಿ ಸಾಹೇಬ್ರೇ," ಎಂದಳು ಅಜ್ಜಿ, ಬಾಗಿಲಲ್ಲೇ ನಿಂತು. "ಎಲ್ಲಾನೂ ತಿನ್ಬೇಕು. ಮಿಕ್ಕಿದ್ರೆ ಜೇಬಲ್ಲಿ ಇಟ್ಕೊಂಡು ಹೋಗಿ, ಮಧ್ಯೆ ಮಧ್ಯೆ ಕಡೀರಿ."

ರಾದಿಮ್ ಜೋರಾಗಿ ನಕ್ಕ. ಲುಬೋರ್ ಒಂದು ಕ್ಯಾರೆಟ್ ತೆಗೆದುಕೊಂಡು ಕಡಿದ. "ಚೆನ್ನಾಗಿದೆ ಅಜ್ಜಿ."

"ಚೆನ್ನಾಗಿರದೆ ಏನು? ನಮ್ಮ ಹಿತ್ತಲದ್ದು. ನಾವೇನು ಸುಳ್ಳು ಮಾಲು ಮಾರಲ್ಲ." ಅಜ್ಜಿ ಬಾಗಿಲು ಎಳೆದುಕೊಂಡು ಹೋದಳು.

ಲುಬೋರ್ ಉಳಿದರ್ಧ ಕ್ಯಾರೆಟನ್ನು ತಟ್ಟೆಯ ಅಂಚಿಗಿಟ್ಟ.

ಮೂರು ಗಂಟೆಗೆ ಆಟ ಶುರುವಾಯಿತು. ಎದುರಾಳಿ ಬಿಸ್ತ್ರಾನಿ, ಈ ವರ್ಷ ಮೇಲಿನ ಲೀಗಿನ ಕಟ್ಟಕಡೆಯ ತಂಡ. ಜೆಲೆಜೋವ್ ಗೆದ್ದರೆ ಮತ್ತೆ ಮೇಲೆ. ಐದು ಸಾವಿರ ಜನ, ಹನ್ನೆರಡು ಡೋಲು, ಕಾರ್ಖಾನೆಯಿಂದ ಬಿಚ್ಚಿ ತಂದ ಒಂದು ಹಳೆಯ ಸೈರನ್. ಲುಬೋರ್ ಅಂಕಣಕ್ಕೆ ಇಳಿದ ಕೂಡಲೇ ಒಂದು ಇಡೀ ಗ್ಯಾಲರಿ ಕಣ್ಣಿಗೆ ಕೈ ಅಡ್ಡ ಹಿಡಿದು ಕುರುಡರ ಹಾಗೆ ತಡಕಾಡಿತು. ಅದನ್ನು ಮೂರು ದಿನವೂ ಅಭ್ಯಾಸ ಮಾಡಿದ್ದರೆಂದು ಕಾಣುತ್ತದೆ, ಅಷ್ಟು ಒಟ್ಟಾಗಿ ಮಾಡಿದರು.

ಅವನು ಆಡಿಸಿದ ಬಗೆಯನ್ನು ಹೇಳಲೇಬೇಕು. ನಲವತ್ತೇಳು ವರ್ಷದ ಕಾಲುಗಳನ್ನು ಅವನು ಅವತ್ತು ಇಪ್ಪತ್ತೈದರ ಹಾಗೆ ಓಡಿಸಿದ. ಪ್ರತಿ ದಾಳಿಗೂ ಗೋಲಿನ ಪಕ್ಕದ ಮೂಲೆಗೆ ಬಿಲ್ಲೆಗಿಂತ ಮೊದಲು ತಲುಪಿದ. ಎಲ್ಲಿ ನಿಂತರೆ ಕಾಣುತ್ತದೋ ಅಲ್ಲೇ ನಿಂತ. ಜೆಲೆಜೋವಿನ ಆಟಗಾರ ಕೋಲಿನಿಂದ ಕಾಲಿಗೆ ಕೊಕ್ಕೆ ಹಾಕಿದಾಗ ದಂಡವಾಗಿ ಎರಡು ನಿಮಿಷ ಹೊರಗೆ ಕೂರಿಸಿದ, ಬಿಸ್ತ್ರಾನಿಯವನು ಮಾಡಿದಾಗಲೂ ಕೂರಿಸಿದ. ಬೈಗುಳ ಕಿವಿಯ ಮೇಲೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಎರಡನೇ ಅವಧಿ ಮುಗಿಯುವ ಹೊತ್ತಿಗೆ ಎರಡು–ಎರಡು ಸಮ. ಗ್ಯಾಲರಿಯವರು ಕಣ್ಣಿಗೆ ಕೈ ಹಿಡಿಯುವುದನ್ನು ಮರೆತಿದ್ದರು.

"ಮೇಷ್ಟ್ರೇ, ಇವತ್ತು ನೀವು ದೇವರ ಹಾಗೆ ಆಡಿಸ್ತಿದ್ದೀರಿ," ಎಂದ ರಾದಿಮ್ ವಿರಾಮದಲ್ಲಿ. ಹೊಸಬರು ಹಳಬರನ್ನು ಹಾಗೆ ಕರೆಯುವುದು ವಾಡಿಕೆ.

"ಇನ್ನೂ ಇಪ್ಪತ್ತು ನಿಮಿಷ ಇದೆ. ಸುಮ್ನಿರು," ಎಂದ ಲುಬೋರ್. ಆದರೆ ಒಳಗೊಳಗೇ ಅವನಿಗೆ ಸಂತೋಷವಾಗಿತ್ತು. ಅಂದುಕೊಂಡದ್ದು ಅಂದುಕೊಂಡ ಹಾಗೇ ನಡೆಯುತ್ತಿತ್ತು.

ಆಟ ಮುಗಿಯಲು ಮೂರು ನಿಮಿಷ ಹನ್ನೊಂದು ಸೆಕೆಂಡು ಇದ್ದಾಗ, ಇನ್ನೂ ಸಮಬಲದಲ್ಲೇ ಇದ್ದಾಗ, ಬಾರ್ಟೋನ್ ಬಿಲ್ಲೆ ಹೊಡೆದ. ಅದು ಗೋಲ್‌ಕೀಪರನ ಎದೆಗೆ ಬಡಿದು ಕೆಳಗೆ ಬಿತ್ತು. ಗೋಲ್‌ಕೀಪರ್ ಮಂಡಿಯೂರಿ ಕಾಲಿನ ದಪ್ಪ ಪ್ಯಾಡು ಅದರ ಮೇಲೆ ಹಾಕಿದ. ಲುಬೋರ್ ನಾಲ್ಕೇ ಅಡಿ ದೂರದಲ್ಲಿದ್ದ, ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ದ. ಬಿಲ್ಲೆ ಪ್ಯಾಡಿನಡಿ ಹೋದದ್ದನ್ನು ಕಂಡ, ಅಲ್ಲಿಂದಾಚೆ ಅದು ಕಾಣದಾದದ್ದನ್ನೂ ಕಂಡ. ಮುಚ್ಚಿತು, ಆಟ ನಿಂತಿತು ಎಂದು ಮನಸ್ಸು ಹೇಳಿತು. ಕೈ ಮೇಲೆದ್ದಿತು. ಸೀಟಿ ತುಟಿಗೆ ತಾಕುವಷ್ಟರಲ್ಲಿ ಬಾರ್ಟೋನನ ಕೋಲು ಪ್ಯಾಡಿನ ಸಂದಿಗೆ ಹೊಕ್ಕು, ಬಿಲ್ಲೆ ಹೊರಬಿದ್ದು, ಗೆರೆ ದಾಟಿ ಬಲೆಗೆ ಹೋಗಿ ಬಿದ್ದಿತು. ಸೀಟಿ ಕೇಳಿಸಿದ್ದು ಆಮೇಲೆ.

ಕೆಂಪು ದೀಪ ಹತ್ತಿತು. ಸೈರನ್ ಕೂಗಿತು. ಐದು ಸಾವಿರ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅದರ ನಡುವೆ ಲುಬೋರ್ ಎರಡೂ ಕೈ ಅಗಲಿಸಿದ: ಗೋಲಿಲ್ಲ.

ಕೈ ಅಗಲಿಸಿದ ಮೇಲೆ ಅವನಿಗೆ ಹೊಳೆಯಿತು. ಅದೇ ಅಂಕಣ, ಅದೇ ಗೋಲು, ಅದೇ ನಾಯಕ. ಬಿಲ್ಲೆ ಮೊದಲು, ಸೀಟಿ ಆಮೇಲೆ. ವ್ಯತ್ಯಾಸ ಒಂದೇ, ಈ ಸಲ ಅವನು ನಿಜವಾಗಿಯೂ ತೀರ್ಮಾನಿಸಿದ್ದ. ಆ ವ್ಯತ್ಯಾಸ ಇದ್ದದ್ದು ಅವನ ತಲೆಯೊಳಗೆ, ಅಂದರೆ ಯಾರಿಗೂ ಕಾಣದ ಜಾಗದಲ್ಲಿ.

ರಾದಿಮ್ ಗೋಲಿನಿಂದ ದೂರದ ನೀಲಿ ಗೆರೆಯಿಂದ ಹಾರಿಕೊಂಡು ಬಂದ. ಇಬ್ಬರೂ ವಿಡಿಯೋ ಪರದೆ ಇಟ್ಟಿದ್ದ ಕಟಕಟೆಗೆ ಹೋದರು. ಪರದೆಯಲ್ಲಿ ಎಲ್ಲವೂ ನಿಧಾನವಾಗಿ, ನಿರ್ದಯವಾಗಿ ಕಂಡಿತು. ಬಿಲ್ಲೆ ಗೆರೆ ದಾಟುವಾಗ ಲುಬೋರನ ಕೈ ಗಲ್ಲದ ಹತ್ತಿರ ಇತ್ತು. ಸೀಟಿ ಬಾಯಿಗೆ ಬಂದಿರಲಿಲ್ಲ.

ರಾದಿಮ್ ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: "ಕೊಟ್ಬಿಡಿ ಮೇಷ್ಟ್ರೇ. ಸೀಟಿ ಆಮೇಲೆ ಬಂದಿದೆ. ಕೊಟ್ರೆ ಯಾರೂ ಕೇಳಲ್ಲ. ಬಿಸ್ತ್ರಾನಿಯೋರೂ ಬಾಯಿ ತೆಗಿಯಲ್ಲ, ಮುಖ ನೋಡಿ ಅವರದ್ದು."

"ನಾನು ನಿಲ್ಲಿಸಿದ್ದೆ."

"ಅದು ನಿಮಗೊಬ್ಬರಿಗೇ ಗೊತ್ತು! ಹೋದ ವರ್ಷ ಇವರಿಂದ ಒಂದು ಕಿತ್ಕೊಂಡ್ರಿ ಅಂತ ಊರೇ ಹೇಳುತ್ತೆ. ನಿಯಮದ ಪ್ರಕಾರ ಸರಿನೇ ಇತ್ತು, ನನಗೆ ಗೊತ್ತು. ಆದ್ರೂ ಇವತ್ತು ಒಂದು ಕೊಟ್ರೆ ಲೆಕ್ಕ ಸರಿಹೋಯ್ತು. ಹಾರ ಹಾಕಿ ಕಳಿಸ್ತಾರೆ ನಿಮ್ಮನ್ನ."

ಹೇಳಿದವನಿಗೆ ತಾನು ಎಲ್ಲಿ ಮುಟ್ಟಿದೆ ಎಂದು ತಿಳಿದಿರಲಿಲ್ಲ. ಲುಬೋರ್ ಪರದೆಯನ್ನು ನೋಡುತ್ತಾ ನಿಂತ. ಎಷ್ಟು ಸುಲಭ! "ಇಲ್ಲ, ನಾನು ನಿಲ್ಲಿಸಿರಲಿಲ್ಲ" ಎಂದರೆ ಸಾಕು. ಕಿತ್ತುಕೊಂಡದ್ದನ್ನು ಹಿಂದಿರುಗಿಸಿದಂತಾಗುತ್ತದೆ. ಊರು ಮೇಲೆ ಹೋಗುತ್ತದೆ, ಬ್ಲಾಜೆನಾ ಅಜ್ಜಿ ಈರುಳ್ಳಿ ರೊಟ್ಟಿ ತಂದಿಡುತ್ತಾಳೆ. ಇದಕ್ಕಿಂತ ಚೆಂದದ ಪ್ರಾಯಶ್ಚಿತ್ತ ಯಾರಿಗೆ ಸಿಕ್ಕೀತು? ಅವನ ಮನಸ್ಸು ಒಮ್ಮೆ ಅತ್ತ ವಾಲಿತು. ವಾಲಲಿಲ್ಲ ಎಂದು ನಾನು ಹೇಳಿದರೆ ಅದೂ ಸುಳ್ಳಾಗುತ್ತದೆ.

ಆದರೆ ಅದು ಸುಳ್ಳು. ಮತ್ತೆ ಅದೇ ಅರೆಕ್ಷಣದ ಬಗ್ಗೆ, ಮತ್ತೆ ಅದೇ ಜಾಗದಲ್ಲಿ ನಿಂತು ಹೇಳುವ ಸುಳ್ಳು. ಈ ಸಲ ಬಿಸ್ತ್ರಾನಿಯವರ ಕತ್ತು ಕೊಯ್ಯುವುದು. ಬಿಸ್ತ್ರಾನಿಯ ಗೋಲ್‌ಕೀಪರ್ ಹೋದ ವರ್ಷ ಏನು ಪಾಪ ಮಾಡಿದ್ದ? ಅವನು ಬಿಲ್ಲೆಯನ್ನು ಮುಚ್ಚಿದ್ದ, ಅಷ್ಟೆ.

"ಲುಬೋರ್, ನೀನು ಆಗಲೇ ನಿಲ್ಲಿಸಿದ್ಯಾ, ಇಲ್ವಾ?" ಹೆಡ್‌ಫೋನಿನಲ್ಲಿ ಅದೇ ಪ್ರಶ್ನೆ ಬಂತು.

"ನಿಲ್ಲಿಸಿದ್ದೆ," ಎಂದ ಲುಬೋರ್. ಹೋದ ವರ್ಷ ಈ ಮಾತು ಬೆಣ್ಣೆಯ ಹಾಗೆ ಜಾರಿ ಹೊರಬಂದಿತ್ತು. ಇವತ್ತು ಒಂದೊಂದು ಅಕ್ಷರಕ್ಕೂ ಬಲ ಹಾಕಬೇಕಾಯಿತು.

ಕಟಕಟೆಯಿಂದ ಹೊರಬಂದಾಗ ಬಾರ್ಟೋನ್ ಎದುರಿಗೇ ನಿಂತಿದ್ದ. ಮೂವತ್ತೆಂಟರ ಆಸುಪಾಸು, ಮುರಿದು ಕೂಡಿಸಿದ ಮೂಗು, ಗಡ್ಡದಲ್ಲಿ ಬೆವರು.

"ಮತ್ತೆ ಅದೇನಾ?" ಎಂದ.

"ಅದೇ. ಆಟ ನಿಂತಿತ್ತು."

ಹೋದ ವರ್ಷ ಇದೇ ಮಾತಿಗೆ ಬಾರ್ಟೋನ್ ಒಪ್ಪಿ ತಲೆಯಾಡಿಸಿ, ಕೂಗಾಡುತ್ತಿದ್ದ ತನ್ನ ಹುಡುಗರನ್ನು ಎಳೆದುಕೊಂಡು ಹೋಗಿದ್ದ. ಈ ಸಲ ಅಲುಗಲಿಲ್ಲ. ಲುಬೋರನ ಕಣ್ಣುಗಳನ್ನೇ ನೋಡುತ್ತಾ ನಿಂತ. ಏನನ್ನೋ ಹುಡುಕುವ ನೋಟ ಅದು. ಆಮೇಲೆ ಕೋಲನ್ನು ಐಸಿಗೆ ಒಮ್ಮೆ ಕುಟ್ಟಿ ತಿರುಗಿ ಹೋದ.

ಲುಬೋರ್ ಮೈಕು ಒತ್ತಿ ಹೇಳಿದ: "ಗೋಲಿಲ್ಲ. ಬಿಲ್ಲೆ ಗೆರೆ ದಾಟುವ ಮುಂಚೆ ಆಟ ನಿಂತಿತ್ತು."

ಅಕ್ಷರ ಅಕ್ಷರವೂ ಅದೇ ಮಾತು. ಜನರಿಗೆ ಅದು ನೆನಪಿತ್ತು, ವರ್ಷವಿಡೀ ಅದನ್ನು ಆಡಿಕೊಂಡು ನಕ್ಕವರು ಅವರು. ಬಿಯರ್ ಲೋಟಗಳು, ಟೋಪಿಗಳು, ಅರ್ಧ ತಿಂದ ಸಾಸೇಜುಗಳು ಮೇಲಿನಿಂದ ಸುರಿದವು. ಯಾರೋ ಒಂದು ಕನ್ನಡಕವನ್ನೂ ಎಸೆದರು. ಐಸು ಗುಡಿಸಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಲುಬೋರ್ ಅಂಕಣದ ನಟ್ಟನಡುವೆ ನಿಂತಿದ್ದ. ಒಳಗೆ ಹೋಗಿ ಎಂದು ಕಾವಲಿನವರು ಎರಡು ಸಲ ಹೇಳಿದರು. ಅವನು ಕದಲಲಿಲ್ಲ.

ಉಳಿದ ಮೂರು ನಿಮಿಷದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಮೊದಲು ಗೋಲು ಹೊಡೆದವರೇ ಗೆಲ್ಲುವ ಹೆಚ್ಚುವರಿ ಆಟದ ಒಂಬತ್ತನೇ ನಿಮಿಷದಲ್ಲಿ ಬಿಸ್ತ್ರಾನಿಯ ಒಬ್ಬ ಎತ್ತರದ ಹುಡುಗ ದೂರದಿಂದ ಹೊಡೆದ ಬಿಲ್ಲೆ ಸೀದಾ ಬಲೆಯ ಮೂಲೆಗೆ ಹೋಯಿತು. ನೋಡಲು ವಿಡಿಯೋ ಬೇಕಾಗಿರಲಿಲ್ಲ. ಜೆಲೆಜೋವ್ ಕೆಳಗೇ ಉಳಿಯಿತು.

ರೆಫರಿಗಳ ಕೋಣೆಯ ಬಾಗಿಲಿಗೆ ಇಬ್ಬರು ಪೊಲೀಸರನ್ನು ನಿಲ್ಲಿಸಿದ್ದರು. ಅವರ ನಡುವಿನಿಂದ ಬ್ಲಾಜೆನಾ ಅಜ್ಜಿ ತಟ್ಟೆ ಹಿಡಿದುಕೊಂಡು ಒಳಗೆ ಬಂದಳು. ಕೊಬ್ಬು ಸವರಿದ ರೊಟ್ಟಿ, ಈರುಳ್ಳಿ, ಚಹಾ. ಅತ್ತು ಅವಳ ಮೂಗು ಕೆಂಪಾಗಿತ್ತು.

"ತಿನ್ನಿ," ಎಂದಳು. "ಪದ್ಧತಿ ಅಂತ ತಂದಿದ್ದೀನಿ, ನಿಮ್ಮ ಮೇಲಿನ ಪ್ರೀತಿಗಲ್ಲ. ಕೈಗೆ ಇಲಿ ಪಾಷಾಣ ಸಿಕ್ಕಿದ್ರೆ ಅದನ್ನೂ ಸವರ್ತಿದ್ದೆ."

"ಅಜ್ಜಿ, ಇವತ್ತು ನಾನು—"

"ನನಗೇನೂ ಹೇಳ್ಬೇಡಿ ಸಾಹೇಬ್ರೇ. ಆಡಿದ ಹುಡುಗರಿಗೆ ಹೇಳಿ, ಧೈರ್ಯ ಇದ್ರೆ." ತಟ್ಟೆಯನ್ನು ಕುಕ್ಕಿ ಹೋದಳು.

ಲುಬೋರ್ ಮೇಜಿನ ಮುಂದೆ ಕೂತು ಪಂದ್ಯದ ವರದಿಯ ಹಾಳೆ ಎಳೆದುಕೊಂಡ. ಎಲ್ಲ ತುಂಬಿದ: ಗೋಲುಗಳು, ದಂಡಗಳು, ಎಸೆದ ವಸ್ತುಗಳು. ಕೊನೆಯಲ್ಲಿ "ಇತರ ವಿಷಯಗಳು" ಎಂದು ನಾಲ್ಕು ಸಾಲಿನ ಜಾಗವಿತ್ತು. ಅಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದ: ಹೋದ ವರ್ಷ ಇದೇ ಅಂಕಣದಲ್ಲಿ ನಡೆದ ಏಳನೇ ಪಂದ್ಯದಲ್ಲಿ, ಬಾರ್ಟೋನ್ ಹೊಡೆದ ಗೋಲಿಗೆ ಮುಂಚೆ ನಾನು ಆಟ ನಿಲ್ಲಿಸಲು ತೀರ್ಮಾನಿಸಿರಲಿಲ್ಲ. ನಿಲ್ಲಿಸಿದ್ದೆ ಎಂದು ಸುಳ್ಳು ಹೇಳಿದೆ. ಅದು ಗೋಲಾಗಿತ್ತು. ಇನ್ನು ಮುಂದೆ ನಾನು ರೆಫರಿಯಾಗಿರುವುದಿಲ್ಲ.

ಭುಜದ ಮೇಲಿಂದ ಓದುತ್ತಿದ್ದ ರಾದಿಮ್ ಅದನ್ನು ಇನ್ನೊಮ್ಮೆ ಓದಿದ. ಆಮೇಲೆ ಒಂದೇ ಉಸಿರಿಗೆ ಹೇಳಿದ: "ಮೇಷ್ಟ್ರೇ, ಆ ಜಾಗದಲ್ಲಿ ಜನ ಬಚ್ಚಲಲ್ಲಿ ಬಲ್ಬ್ ಹೋಗಿದೆ ಅಂತ ಬರೀತಾರೆ! ಹರಿದು ಹಾಕಿ. ನಾನು ಹೊಸ ಹಾಳೆ ತರ್ತೀನಿ."

"ಬೇಡ."

"ನಾನು ಅದನ್ನ ನೋಡಿ ಕಲಿತೆ, ಗೊತ್ತಾ? ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೀನಿ. ನಿಮ್ಮ ಹೆಸರು ಹಾಕಿ!"

"ಗೊತ್ತು," ಎಂದ ಲುಬೋರ್. "ಅದನ್ನ ಹೊಡೆದು ಹಾಕು. ಇವತ್ತಿಂದು ಬರ್ಕೋ, ನಿನಗೆ ನಂಬಿಕೆ ಬಂದ್ರೆ."

ರಾದಿಮ್ ನೆಲ ನೋಡಿದ. ಇಂದು ಮಧ್ಯಾಹ್ನದವರೆಗೆ ಅವನು ಲುಬೋರ್ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬುತ್ತಿದ್ದ.

ಲುಬೋರ್ ಸಹಿ ಹಾಕಿದ. ಬೆರಳಿನಿಂದ ಸೀಟಿ ಬಿಚ್ಚಿ ಹಾಳೆಯ ಮೇಲಿಟ್ಟ. ರೆಫರಿಯ ಪಟ್ಟೆ ಪಟ್ಟೆ ಅಂಗಿಯಲ್ಲೇ ಎದ್ದು, ಪೊಲೀಸರು ಬೇಡವೆಂದರೂ ಕೇಳದೆ, ಓಣಿಯ ಆ ತುದಿಗೆ ನಡೆದ. ಜೆಲೆಜೋವ್ ತಂಡದ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಮಾತೇ ಕೇಳಿಸುತ್ತಿರಲಿಲ್ಲ. ಅವನು ಬಾಗಿಲು ತಟ್ಟಿದ.

ಬಾರ್ಟೋನ್ ತಾನೇ ಬಂದು ತೆರೆದ. ಅರ್ಧ ಕವಚ ಬಿಚ್ಚಿದ್ದ, ಕಾಲಲ್ಲಿ ಸ್ಕೇಟು ಇನ್ನೂ ಇತ್ತು. ಲುಬೋರನನ್ನು ಕಂಡು ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡ. "ಏನು?"

"ಹೋದ ವರ್ಷದ ನಿಮ್ಮ ಗೋಲು ಸರಿಯಾಗಿತ್ತು," ಎಂದ ಲುಬೋರ್. "ನಾನು ಏನೂ ನಿಲ್ಲಿಸಿರಲಿಲ್ಲ. ನನಗೆ ಬಿಲ್ಲೆ ಕಂಡೇ ಇರಲಿಲ್ಲ. ಹೆದರಿ ಸುಳ್ಳು ಹೇಳ್ದೆ. ವರದಿಲಿ ಬರೆದು ಸಹಿ ಹಾಕಿದ್ದೀನಿ. ಇವತ್ತಿಂದು ಮಾತ್ರ ನಿಜ. ಇವತ್ತು ನಾನು ನಿಲ್ಲಿಸಿದ್ದೆ."

ಬಾರ್ಟೋನ್ ಗೋಡೆಗೆ ಒರಗಿದ. ಬೈಯುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದು ಲುಬೋರ್ ಕಾದ. ಎರಡಕ್ಕೂ ಅವನು ಸಿದ್ಧನಾಗಿದ್ದ.

"ಹೋದ ವರ್ಷದ್ದನ್ನ ನಾನು ನಂಬಿದ್ದೆ," ಎಂದ ಬಾರ್ಟೋನ್ ಮೆಲ್ಲಗೆ. "ನಮ್ಮ ಹುಡುಗರು ನಿಮ್ಮನ್ನ ಕಳ್ಳ ಅಂದಾಗ ನಾನೇ ಬೈದೆ. ವೋಂಡ್ರಾಕ್ ತಪ್ಪು ಮಾಡಬಹುದು, ಸುಳ್ಳು ಹೇಳಲ್ಲ ಅಂದೆ. ಈ ವಾರ ಕ್ಲಬ್ಬಿನವರು ನಿಮ್ಮನ್ನ ಬೇಡ ಅಂತ ಬರೆಯೋಕೆ ಹೊರಟಿದ್ರು. ಹಾಗೆ ಬರೀಬೇಡಿ, ಅವರು ಬರಲಿ ಅಂತ ತಡೆದೋನು ನಾನು."

ಲುಬೋರ್‌ಗೆ ಅವನು ಹೊಡೆದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

"ಇವತ್ತಿಂದನ್ನ ನಂಬಲಿಲ್ಲ," ಎಂದ ಬಾರ್ಟೋನ್. "ಒಂದು ಸಲ ಆಗಬಹುದು, ಎರಡು ಸಲ ಹೇಗೆ ಅಂತ ನಿಮ್ಮ ಮುಖ ನೋಡ್ದೆ. ಏನೂ ಗೊತ್ತಾಗ್ಲಿಲ್ಲ. ಇದನ್ನ ಮ್ಯಾಚಿಗೆ ಮುಂಚೆ ಬಂದು ಹೇಳಿದ್ರೆ, ಇವತ್ತಿಂದನ್ನ ನಂಬ್ತಿದ್ದೆ ಕಣ್ರೀ."

"ಮುಂಚೆ ಹೇಳಿದ್ರೆ ನನ್ನ ಆಡಿಸೋಕೆ ಬಿಡ್ತಿರಲಿಲ್ಲ."

"ಹೌದು. ಬಿಡ್ತಿರಲಿಲ್ಲ. ಬೇರೆಯವರು ಬರ್ತಿದ್ರು. ಅವರು ನಿಲ್ಲಿಸಿದ್ದೆ ಅಂದಿದ್ರೆ, ಸರಿ ಅಂತ ಮನೆಗೆ ಹೋಗ್ತಿದ್ವಿ. ಸೋಲಾದ್ರೂ ಸೋಲಿನ ಹಾಗೆ ಇರ್ತಿತ್ತು."

ದ್ರಾಹುಶೆ ಅಡುಗೆಮನೆಯಲ್ಲಿ ಹೇಳಿದ್ದು ಇದನ್ನೇ. ತನ್ನ ಒಂದು ಒಳ್ಳೆಯ ಪಂದ್ಯದ ಆಸೆಗೆ ಅವನು ಈ ಊರಿನ ನಂಬಿಕೆಯನ್ನು ಎರಡನೆಯ ಸಲ ಸುಟ್ಟಿದ್ದ. ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಎತ್ತಿಕೊಂಡು ಹಿಂದಿರುಗಿ ಹೋಗುವುದೂ ಸುಲಭವಿತ್ತು. ಪೊಲೀಸರು ಹಿಂಬಾಗಿಲಿನಿಂದ ಕಾರಿಗೆ ಹತ್ತಿಸುತ್ತಿದ್ದರು. ಆದರೆ ಅವನು ಹೋಗಲಿಲ್ಲ.

"ನಿಮಗೊಬ್ಬರಿಗೆ ಹೇಳಿದ್ರೆ ಸಾಲದು," ಎಂದ ಲುಬೋರ್. "ಒಳಗಿರೋರಿಗೂ ಹೇಳ್ಬೇಕು. ಬಿಡ್ತೀರಾ?"

ಬಾರ್ಟೋನ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಇಪ್ಪತ್ತೆರಡು ಜನ ಇದ್ದಾರೆ. ಎಲ್ಲರ ಕೈಲೂ ಏನಾದ್ರೂ ಒಂದು ಇದೆ. ಅಡ್ಡ ಬರೋಕೆ ನನ್ನ ಕೈಲಿ ಆಗಲ್ಲ."

"ಬರ್ಬೇಡಿ."

"ನಂಬ್ತಾರೆ ಅಂತಾನೂ ಹೇಳಲಾರೆ."

"ಇವತ್ತಿಂದನ್ನ ನಂಬೋದು ಬಿಡೋದು ಅವರಿಗೆ ಬಿಟ್ಟದ್ದು. ಹೋದ ವರ್ಷದ್ದು ಅವರಿಗೆ ಗೊತ್ತಾಗ್ಬೇಕು."

ಬಾರ್ಟೋನ್ ಬಾಗಿಲನ್ನು ಅಗಲವಾಗಿ ತೆರೆದ. ಬೆವರಿನ, ಒದ್ದೆ ಚರ್ಮದ ವಾಸನೆ ಹೊರಗೆ ಬಂತು. ಸಾಲು ಬೆಂಚುಗಳ ಮೇಲೆ ತಲೆ ತಗ್ಗಿಸಿ ಕೂತಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಪಟ್ಟೆ ಅಂಗಿಯನ್ನು ಕಂಡು ಮೂಲೆಯಲ್ಲಿದ್ದ ಒಬ್ಬ ಎದ್ದು ನಿಂತ.

ಲುಬೋರ್ ಒಳಗೆ ಕಾಲಿಟ್ಟ. ಯಾವುದನ್ನು ಮೊದಲು ಹೇಳಬೇಕೆಂದು ಈಗ ಅವನಿಗೆ ಗೊತ್ತಿತ್ತು.